ಕರೆಂಟು ಕಡಿದಾಗ ಹಾರುವ ಕಿಡಿ

ಡಿಪ್ಲೊಮಾ ಓದು ಅರ್ಧಕ್ಕೆ ನಿಂತಾಗ ಒಂದು ವರ್ಷ ಗ್ಯಾರೇಜಿನಲ್ಲಿ ಕೆಲಸ ಮಾಡಿದೆ. ಒಂದು ದಿನ ಹಳೆಯ ಅಂಬಾಸಿಡರ್ ಕಾರೊಂದು ರಿಪೇರಿಗೆ ಬಂತು. ಮೇಸ್ತ್ರಿ ಅದರ ಕಾಯಿಲ್‌ನಿಂದ ಬರುವ ದಪ್ಪ ವೈರಿನ ತುದಿಯನ್ನು ಎಂಜಿನ್ನಿನ ಹತ್ತಿರ ಇಟ್ಟು, ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟನ್ನು ಸ್ಕ್ರೂಡ್ರೈವರಿನಿಂದ ಬಿಡಿಸಿ ತೋರಿಸಿದರು. ಪಾಯಿಂಟು ಕೂಡಿದ್ದಾಗ ಏನೂ ಆಗಲಿಲ್ಲ. ಬಿಟ್ಟ ಕ್ಷಣವೇ ಚಟ್ ಎಂದು ನೀಲಿ ಕಿಡಿ ಹಾರಿತು. ಕರೆಂಟು ಹರಿಯುವಾಗ ಬಾರದ ಕಿಡಿ, ಕರೆಂಟು ಕಡಿದಾಗ ಹೇಗೆ ಬಂತು? ಉತ್ತರ ಹುಡುಕುತ್ತಾ ಹೋದಾಗ ಸಿಕ್ಕ ಹೆಸರು ಚಾರ್ಲ್ಸ್ ಕೆಟರಿಂಗ್.

ಕೆಟರಿಂಗ್ ಹುಟ್ಟಿದ್ದು 1876ರ ಆಗಸ್ಟ್ 29ರಂದು, ಅಮೆರಿಕದ ಒಹಾಯೊ ರಾಜ್ಯದ ರೈತ ಕುಟುಂಬದಲ್ಲಿ. ಚಿಕ್ಕಂದಿನಿಂದಲೂ ಅವರಿಗೆ ಕಣ್ಣಿನ ತೊಂದರೆ. ಹೆಚ್ಚು ಓದಿದರೆ ತಲೆನೋವು. ಹಳ್ಳಿಯ ಶಾಲೆಯಲ್ಲಿ ಮೇಷ್ಟ್ರಾಗಿ ಕೆಲಸ ಮಾಡಿದ ಮೇಲೆ ಎಂಜಿನಿಯರಿಂಗ್ ಓದಲು ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿಯೂ ಕಣ್ಣು ಕೈಕೊಟ್ಟಿತು. ಕಾಲೇಜು ಬಿಟ್ಟು ಟೆಲಿಫೋನ್ ಕಂಬ ನೆಡುವ, ತಂತಿ ಎಳೆಯುವ ತಂಡ ಸೇರಿದರು. ಬಯಲಿನ ಆ ಕೆಲಸದಲ್ಲಿ ಅವರ ಆರೋಗ್ಯ ಸುಧಾರಿಸಿತು. ವಿದ್ಯುತ್ತಿನ ಕೆಲಸವೂ ಕೈಗೆ ಹತ್ತಿತು. ಮತ್ತೆ ಕಾಲೇಜಿಗೆ ಮರಳಿ 1904ರಲ್ಲಿ ಪದವಿ ಪಡೆದಾಗ ಅವರಿಗೆ 28 ತುಂಬುತ್ತಿತ್ತು.

ಡೇಟನ್ ನಗರದ ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಕೈಯಿಂದ ತಿರುಗಿಸುತ್ತಿದ್ದ ಹಣದ ಯಂತ್ರಕ್ಕೆ ಅವರು ಪುಟ್ಟ ಮೋಟಾರು ಕೂರಿಸಿದರು. ಸಹೋದ್ಯೋಗಿ ಎಡ್ವರ್ಡ್ ಡೀಡ್ಸ್ ಅವರ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ, ಆಫೀಸು ಮುಗಿದ ಮೇಲೆ, ಗೆಳೆಯರ ಜತೆ ಕಾರಿನ ಕೆಲಸ ಶುರುಮಾಡಿದರು. ಮುಂದೆ ಡೆಲ್ಕೊ ಎಂಬ ಕಂಪನಿ ಬೆಳೆದದ್ದು ಆ ಕೊಟ್ಟಿಗೆಯಿಂದಲೇ.

ಆಗಿನ ಅನೇಕ ಕಾರುಗಳ ಕಾಯಿಲ್ ನಡುಗುತ್ತಾ ಕಿಡಿಗಳ ಸುರಿಮಳೆಯನ್ನೇ ಸುರಿಸುತ್ತಿತ್ತು. ಬ್ಯಾಟರಿ ಬೇಗ ಬರಿದಾಗುತ್ತಿತ್ತು. ಸರಿಯಾದ ಕ್ಷಣಕ್ಕೆ ಒಂದೇ ಒಂದು ಬಲವಾದ ಕಿಡಿ ಸಾಕು ಎಂಬುದು ಕೆಟರಿಂಗ್ ಲೆಕ್ಕ. ಕಾಯಿಲ್‌ನಲ್ಲಿ ಎರಡು ಸುರುಳಿಗಳಿರುತ್ತವೆ. ದಪ್ಪ ತಂತಿಯ ಕೆಲವು ನೂರು ಸುತ್ತುಗಳಲ್ಲಿ ಬ್ಯಾಟರಿಯ ಕರೆಂಟು ಹರಿದು ಸುತ್ತಲೂ ಕಾಂತಕ್ಷೇತ್ರ ಕಟ್ಟುತ್ತದೆ. ಪಾಯಿಂಟು ಬಿಟ್ಟೊಡನೆ ಆ ಕ್ಷೇತ್ರ ಕುಸಿಯುತ್ತದೆ. ಆಗ ತೆಳು ತಂತಿಯ ಸಾವಿರಾರು ಸುತ್ತುಗಳಲ್ಲಿ ಸುಮಾರು 20 ಸಾವಿರ ವೋಲ್ಟ್ ಹುಟ್ಟುತ್ತದೆ. ಡಿಸ್ಟ್ರಿಬ್ಯೂಟರ್ ಅದನ್ನು ಸರದಿಯಂತೆ ಒಂದೊಂದು ಪ್ಲಗ್ಗಿಗೆ ಹಂಚುತ್ತದೆ. ಇದರ ತಳಹದಿ ಮೈಕೆಲ್ ಫ್ಯಾರಡೆ 1831ರ ಆಗಸ್ಟ್ 29ರಂದು, ಅಂದರೆ ಕೆಟರಿಂಗ್ ಹುಟ್ಟುವುದಕ್ಕೆ ಸರಿಯಾಗಿ 45 ವರ್ಷ ಮೊದಲು ಮಾಡಿದ ಪ್ರಯೋಗ.

ಕ್ಯಾಡಿಲಾಕ್ ಕಂಪನಿ ಈ ಇಗ್ನಿಷನ್ ಕೊಂಡಿತು. ಇನ್ನೊಂದು ಸಂಕಟ ಉಳಿದಿತ್ತು. ಕಾರು ಸ್ಟಾರ್ಟ್ ಮಾಡಲು ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕಿತ್ತು. ಎಂಜಿನ್ ತಿರುಗಿ ಒದ್ದರೆ ಕೈ ಮುರಿಯುತ್ತಿತ್ತು. ಎಂಜಿನ್ ತಿರುಗಿಸುವಷ್ಟು ದೊಡ್ಡ ಮೋಟಾರು ಕಾರಿನಲ್ಲಿ ಹಿಡಿಸದು ಎಂಬುದು ಹಲವರ ವಾದ. ಕೆಟರಿಂಗ್‌ಗೆ ಹಣದ ಯಂತ್ರದ ಮೋಟಾರು ನೆನಪಿತ್ತು. ಕೆಲವೇ ಸೆಕೆಂಡು ದುಡಿಯುವ ಮೋಟಾರು ಚಿಕ್ಕದಿದ್ದರೂ ನಡೆಯುತ್ತದೆ. 1912ರ ಕ್ಯಾಡಿಲಾಕ್ ಕಾರಿನಲ್ಲಿ ಸೆಲ್ಫ್ ಸ್ಟಾರ್ಟರ್ ಬಂತು.

ಅವರ ಬದುಕಿನ ಕಪ್ಪು ಚುಕ್ಕೆಯನ್ನೂ ಹೇಳಬೇಕು. ಎಂಜಿನ್ ಬಡಿದುಕೊಳ್ಳುವ ನಾಕಿಂಗ್ ದೋಷಕ್ಕೆ ಜನ ಅವರ ಇಗ್ನಿಷನ್ ಅನ್ನೇ ದೂರಿದ್ದರು. ಮುಂದೆ ಜನರಲ್ ಮೋಟರ್ಸ್‌ನಲ್ಲಿ ಅವರು ನಡೆಸುತ್ತಿದ್ದ ಸಂಶೋಧನಾಲಯದಲ್ಲಿ ಥಾಮಸ್ ಮಿಜ್‌ಲಿ 1921ರಲ್ಲಿ ಪೆಟ್ರೋಲಿಗೆ ಸೀಸ ಬೆರೆಸುವ ಪರಿಹಾರ ಕಂಡುಹಿಡಿದರು. 1924ರಲ್ಲಿ ಅದನ್ನು ತಯಾರಿಸುತ್ತಿದ್ದ ಕಾರ್ಮಿಕರು ಸೀಸದ ವಿಷಕ್ಕೆ ಬಲಿಯಾದರು. ಆದರೂ ಕೆಟರಿಂಗ್ ಅದನ್ನು ಸಮರ್ಥಿಸಿದರು. ಆ ಹೊಗೆಯನ್ನು ಜಗತ್ತು ದಶಕಗಳ ಕಾಲ ಉಸಿರಾಡಿತು. ನಮ್ಮ ದೇಶದಲ್ಲಿ ಸೀಸದ ಪೆಟ್ರೋಲು ನಿಂತದ್ದು 2000ದಲ್ಲಿ. ಕರೆಂಟನ್ನು ಸರಿಯಾದ ಕ್ಷಣಕ್ಕೆ ಕಡಿಯಬಲ್ಲವರಾಗಿದ್ದ ಕೆಟರಿಂಗ್ ಇದನ್ನು ನಿಲ್ಲಿಸಲಿಲ್ಲ. ಜಾಣತನವೊಂದೇ ಸಾಲದು ಎಂಬುದಕ್ಕೆ ಇದು ಸಾಕ್ಷಿ.

ಆಲ್ಫ್ರೆಡ್ ಸ್ಲೋನ್ ಜತೆ ಸೇರಿ 1945ರಲ್ಲಿ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕಟ್ಟಲು ನೆರವಾದ ಅವರು, 1958ರ ನವೆಂಬರ್ 25ರಂದು ತೀರಿಕೊಂಡರು. ಅವರ ಹೆಸರಿನಲ್ಲಿ 180ಕ್ಕೂ ಹೆಚ್ಚು ಪೇಟೆಂಟುಗಳಿದ್ದವು.

ಇಂದಿನ ಕಾರುಗಳಲ್ಲಿ ಪಾಯಿಂಟೂ ಇಲ್ಲ, ಡಿಸ್ಟ್ರಿಬ್ಯೂಟರೂ ಇಲ್ಲ. ಕ್ರ್ಯಾಂಕ್ ಯಾವ ಸ್ಥಾನದಲ್ಲಿದೆ ಎಂದು ಸೆನ್ಸರ್ ತಿಳಿಸುತ್ತದೆ, ಕಂಪ್ಯೂಟರ್ ಹೊತ್ತು ನಿರ್ಧರಿಸುತ್ತದೆ, ಟ್ರಾನ್ಸಿಸ್ಟರ್ ಕರೆಂಟು ಕಡಿಯುತ್ತದೆ. ಕೆಲವು ಕಾರುಗಳಲ್ಲಿ ಎರಡು ಪ್ಲಗ್ಗಿಗೆ ಒಂದು ಕಾಯಿಲ್. ಹಲವದರಲ್ಲಿ ಪ್ರತಿ ಪ್ಲಗ್ಗಿನ ತಲೆಯ ಮೇಲೂ ಒಂದೊಂದು. ಆದರೆ ಕಿಡಿ ಹಾರುವುದು ಈಗಲೂ ಕರೆಂಟು ಕಡಿದಾಗಲೇ.

ಮೇಸ್ತ್ರಿ ಕಲಿಸಿದ ಇನ್ನೊಂದು ವಿಷಯವಿದೆ. ಬರೀ ಕಡಿದರೆ ಕಿಡಿ ಬಾರದು. ಅದಕ್ಕೂ ಮೊದಲು ಕರೆಂಟು ಸಾಕಷ್ಟು ಹೊತ್ತು ಹರಿದು ಕಾಯಿಲ್ ತುಂಬಿರಬೇಕು. ಕೆಟರಿಂಗ್ ಕಾಲೇಜು ಬಿಟ್ಟ ದಿನಗಳಲ್ಲೂ ಕಲಿಯುವುದನ್ನು ಬಿಟ್ಟಿರಲಿಲ್ಲ. ಓದು ನಿಂತಿತೆಂದು ಕೊರಗುವ ಗೆಳೆಯರಿಗೆ ನಾನು ಹೇಳುವುದು ಇಷ್ಟನ್ನೇ. ಈ ವರ್ಷ ನಾನೂ ಮತ್ತೆ ಕಾಲೇಜು ಸೇರಿದ್ದೇನೆ.