ಎಣ್ಣೆಗಾಗಿ ನೆಲ ಕೊರೆದ ಎಡ್ವಿನ್ ಡ್ರೇಕ್



ಬಸವಕಲ್ಯಾಣ ಇಲ್ಲವೇ ಹುಮನಾಬಾದ್ ಕಡೆಯ ಹೊಲಗಳಲ್ಲಿ ಬೋರ್ ಹಾಕುವುದನ್ನು ನೀವು ನೋಡಿರಬಹುದು. ಲಾರಿಯ ಮೇಲೆ ಮಲಗಿದ್ದ ಉದ್ದನೆಯ ಕಬ್ಬಿಣದ ಕಂಬ ನೆಟ್ಟಗೆ ನಿಲ್ಲುತ್ತದೆ. ಕಂಪ್ರೆಸರಿನ ಗಾಳಿಯ ಬಲದಿಂದ ಕೆಳಗಿನ ಸುತ್ತಿಗೆ ಬಂಡೆಯನ್ನು ಕುಟ್ಟುತ್ತದೆ. ಕಲ್ಲಿನ ಪುಡಿ ಮೇಲೆ ಚಿಮ್ಮುತ್ತದೆ. ನೆಲದ ಮೇಲ್ಭಾಗದಲ್ಲಿ ಮಾತ್ರ ಒಂದು ಅಗಲವಾದ ಪೈಪ್ ಇಳಿಸುತ್ತಾರೆ. ಅದನ್ನು ಕೇಸಿಂಗ್ ಪೈಪ್ ಎನ್ನುತ್ತಾರೆ. ಅದು ಏಕೆ ಬೇಕು? ಇದನ್ನು ತಿಳಿಯಲು ಎಡ್ವಿನ್ ಡ್ರೇಕ್ ಅವರ ಕಥೆ ಓದಿ.

ಡ್ರೇಕ್ 1819ರ ಮಾರ್ಚ್ 29ರಂದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಗ್ರೀನ್‌ವಿಲ್ ಎಂಬಲ್ಲಿ ಜನಿಸಿದರು. ಅವರು ವಿಜ್ಞಾನಿಯೂ ಅಲ್ಲ, ಎಂಜಿನಿಯರೂ ಅಲ್ಲ. ರೈಲಿನಲ್ಲಿ ಕಂಡಕ್ಟರ್ ಆಗಿದ್ದರು. ಆರೋಗ್ಯ ಕೆಟ್ಟು 1857ರಲ್ಲಿ ಆ ಕೆಲಸ ಬಿಡಬೇಕಾಯಿತು.

ಆಗ ವಿದ್ಯುತ್ ದೀಪಗಳಿರಲಿಲ್ಲ. ತಿಮಿಂಗಿಲದ ಕೊಬ್ಬಿನ ಎಣ್ಣೆಯಿಂದಲೂ ದೀಪ ಉರಿಸುತ್ತಿದ್ದರು. ಆ ಎಣ್ಣೆ ಬಲು ದುಬಾರಿ. ಪೆನ್ಸಿಲ್ವೇನಿಯಾ ರಾಜ್ಯದ ಟೈಟಸ್‌ವಿಲ್ ಎಂಬ ಊರಿನ ಹತ್ತಿರ ಹಳ್ಳದ ನೀರಿನ ಮೇಲೆ ಕಪ್ಪು ಎಣ್ಣೆ ತೇಲುತ್ತಿತ್ತು. ಜನ ಅದನ್ನು ಕಂಬಳಿಯಲ್ಲಿ ಹೀರಿಸಿ, ಹಿಂಡಿ, ಔಷಧಿಯಾಗಿ ಬಳಸುತ್ತಿದ್ದರು. ಅದನ್ನು ಕಾಯಿಸಿ ಬಟ್ಟಿ ಇಳಿಸಿದರೆ ದೀಪಕ್ಕೆ ಒಳ್ಳೆಯ ಎಣ್ಣೆ ಸಿಗುತ್ತದೆ ಎಂದು ರಸಾಯನ ವಿಜ್ಞಾನಿ ಬೆಂಜಮಿನ್ ಸಿಲ್ಲಿಮನ್ 1855ರಲ್ಲಿ ವರದಿ ಕೊಟ್ಟಿದ್ದರು. ಆದರೆ ಕಂಬಳಿ ಹಿಂಡಿ ಎಷ್ಟು ಎಣ್ಣೆ ತೆಗೆಯಲು ಸಾಧ್ಯ? ಉಪ್ಪುನೀರಿಗಾಗಿ ನೆಲ ಕೊರೆಯುವಂತೆ ಎಣ್ಣೆಗೂ ಏಕೆ ಕೊರೆಯಬಾರದು ಎಂದು ಕೆಲವರು ಯೋಚಿಸಿದರು. 1858ರಲ್ಲಿ ಸೆನೆಕಾ ಆಯಿಲ್ ಕಂಪನಿಯು ವರ್ಷಕ್ಕೆ 1000 ಡಾಲರ್ ಸಂಬಳದ ಮೇಲೆ ಡ್ರೇಕ್ ಅವರನ್ನು ಈ ಕೆಲಸಕ್ಕೆ ನೇಮಿಸಿತು.

ಡ್ರೇಕ್ ಉಗಿಯಂತ್ರ ತರಿಸಿದರು, ಮರದ ಗೋಪುರ ಕಟ್ಟಿಸಿದರು. ಉಪ್ಪುಬಾವಿ ಕೊರೆದ ಅನುಭವವಿದ್ದ ಕಮ್ಮಾರ ವಿಲಿಯಂ ಸ್ಮಿತ್ ಅವರನ್ನು ಕರೆಸಿಕೊಂಡರು. ಅಂದಿನ ಕೊರೆತದ ರೀತಿ ಸರಳ. ಹಗ್ಗದ ತುದಿಗೆ ಭಾರವಾದ, ಚೂಪಾದ ಕಬ್ಬಿಣದ ಬಿಟ್ ಕಟ್ಟುವುದು. ಉಗಿಯಂತ್ರದ ಬಲದಿಂದ ಅದನ್ನು ಎತ್ತುವುದು, ಬಿಡುವುದು. ಪುಡಿಯಾದ ಕಲ್ಲನ್ನು ಆಗಾಗ ಮೇಲೆ ತೆಗೆಯುವುದು. ಬಟ್ಟಲಿನಲ್ಲಿ ಖಾರ ಕುಟ್ಟುವುದನ್ನು ನೆನಪಿಸಿಕೊಳ್ಳಿ!

ಆದರೆ ಹಳ್ಳದ ದಂಡೆಯ ಸಡಿಲ ಮಣ್ಣು ಮತ್ತೆ ಮತ್ತೆ ಕುಸಿಯಿತು. ಗುಂಡಿಯಲ್ಲಿ ನೀರು ತುಂಬಿತು. ಜನ ನಕ್ಕರು, ಇದು ಡ್ರೇಕನ ಹುಚ್ಚು ಎಂದರು. ಡ್ರೇಕ್ ಒಂದು ಉಪಾಯ ಮಾಡಿದರು. ಮೊದಲು ಕಬ್ಬಿಣದ ಪೈಪನ್ನು ಗಟ್ಟಿ ಬಂಡೆ ಸಿಗುವವರೆಗೆ, ಅಂದರೆ 32 ಅಡಿ ಆಳಕ್ಕೆ, ಬಡಿದು ಇಳಿಸಿದರು. ಸುತ್ತಲಿನ ಮಣ್ಣು, ನೀರು ಹೊರಗೇ ಉಳಿದವು. ಪೈಪಿನ ಒಳಗಿನಿಂದ ಬಿಟ್ ಇಳಿಸಿ ಬಂಡೆ ಕೊರೆದರು. ದಿನಕ್ಕೆ ಸುಮಾರು 3 ಅಡಿ ಮಾತ್ರ ಸಾಗುತ್ತಿತ್ತು.

ಅಷ್ಟರಲ್ಲಿ ಕಂಪನಿಯ ಹಣ ಮುಗಿಯಿತು. ಡ್ರೇಕ್ ಸಾಲ ಮಾಡಿ ಕೆಲಸ ಮುಂದುವರಿಸಿದರು. ಎಲ್ಲವನ್ನೂ ನಿಲ್ಲಿಸಿ ಎಂಬ ಪತ್ರ ದಾರಿಯಲ್ಲಿತ್ತು. 1859ರ ಆಗಸ್ಟ್ 27ರಂದು ಬಿಟ್ 69.5 ಅಡಿ, ಅಂದರೆ ಸುಮಾರು 21 ಮೀಟರ್ ಆಳದಲ್ಲಿ ಒಂದು ಬಿರುಕಿಗೆ ಜಾರಿತು. ಮರುದಿನ ಸ್ಮಿತ್ ಬಗ್ಗಿ ನೋಡಿದಾಗ ಪೈಪಿನೊಳಗೆ ಕಪ್ಪು ಎಣ್ಣೆ ಮೇಲೆ ಬಂದು ನಿಂತಿತ್ತು!

ಜಗತ್ತಿನಲ್ಲಿ ಎಣ್ಣೆಗಾಗಿ ಕೊರೆದವರಲ್ಲಿ ಡ್ರೇಕ್ ಮೊದಲಿಗರಲ್ಲ. ಆದರೆ ಅಮೆರಿಕದ ತೈಲ ಉದ್ಯಮ ಈ ಬಾವಿಯಿಂದಲೇ ಬೆಳೆಯಿತು. ಸುತ್ತಮುತ್ತ ನೂರಾರು ಬಾವಿಗಳು ಬಂದವು. ಅನೇಕರು ಶ್ರೀಮಂತರಾದರು. ಡ್ರೇಕ್ ಮಾತ್ರ ತಮ್ಮ ಪೈಪಿನ ಉಪಾಯಕ್ಕೆ ಪೇಟೆಂಟ್ ಪಡೆಯಲಿಲ್ಲ. ಎಣ್ಣೆ ವ್ಯಾಪಾರದಲ್ಲಿ ಉಳಿತಾಯವನ್ನೂ ಕಳೆದುಕೊಂಡು ಬಡತನಕ್ಕೆ ಬಿದ್ದರು. 1873ರಲ್ಲಿ ಪೆನ್ಸಿಲ್ವೇನಿಯಾ ಸರ್ಕಾರ ಅವರಿಗೆ ವರ್ಷಕ್ಕೆ 1500 ಡಾಲರ್ ಗೌರವಧನ ನೀಡಿತು. 1880ರ ನವೆಂಬರ್ 9ರಂದು ಅವರು ತೀರಿಕೊಂಡರು.

ಇಂದಿನ ತೈಲಬಾವಿಗಳು ಸಾವಿರಾರು ಮೀಟರ್ ಆಳ ಹೋಗುತ್ತವೆ. ಬಿಟ್ ಈಗ ಕುಟ್ಟುವುದಿಲ್ಲ, ತಿರುಗುತ್ತಾ ಬಂಡೆಯನ್ನು ಅರೆಯುತ್ತದೆ. ಪೈಪಿನೊಳಗಿಂದ ವಿಶೇಷ ಕೆಸರನ್ನು ಪಂಪ್ ಮಾಡುತ್ತಾರೆ. ಅದು ಬಿಟ್ಟನ್ನು ತಂಪಾಗಿಡುತ್ತದೆ, ಕಲ್ಲಿನ ಪುಡಿಯನ್ನು ಮೇಲೆ ತರುತ್ತದೆ, ಒಳಗಿನ ಅನಿಲ ಒಮ್ಮೆಲೇ ನುಗ್ಗದಂತೆ ತನ್ನ ಭಾರದಿಂದ ತಡೆಯುತ್ತದೆ. ಕೇಸಿಂಗ್ ಪೈಪಿನ ಸುತ್ತ ಸಿಮೆಂಟ್ ತುಂಬುತ್ತಾರೆ. ಬಾಯಿಯಲ್ಲಿ ಬಲವಾದ ಕವಾಟಗಳಿರುತ್ತವೆ. ನಮ್ಮ ದೇಶದಲ್ಲಿ ಅಸ್ಸಾಮಿನ ದಿಗ್ಬೋಯಿಯಲ್ಲಿ 1889ರಲ್ಲೇ ತೈಲ ದೊರೆಯಿತು.

ಹಾಗಾದರೆ ನಮ್ಮ ಊರಿನ ಬೋರಿನಲ್ಲಿ ಎಣ್ಣೆ ಏಕೆ ಬರುವುದಿಲ್ಲ? ಸಮುದ್ರದ ಸೂಕ್ಷ್ಮಜೀವಿಗಳು ಸತ್ತು, ಹೂಳಿನಲ್ಲಿ ಹೂತು, ಕೋಟ್ಯಂತರ ವರ್ಷ ಒತ್ತಡ ಮತ್ತು ಶಾಖಕ್ಕೆ ಸಿಕ್ಕಾಗ ಎಣ್ಣೆಯಾಗುತ್ತದೆ. ಅದು ಹೆಚ್ಚಾಗಿ ಪದರಶಿಲೆಗಳಲ್ಲಿ ಸಿಗುತ್ತದೆ. ನಮ್ಮ ಕಾಲಡಿಯ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ತಣ್ಣಗಾಗಿ ಆದದ್ದು. ಅದರ ಬಿರುಕುಗಳಲ್ಲಿ ನಮಗೆ ಸಿಗುವುದು ನೀರು. ಅದೂ ಎಣ್ಣೆಯಷ್ಟೇ ಬೆಲೆಯುಳ್ಳದ್ದು, ಅಲ್ಲವೇ?

ಮಾಡಿ ನೋಡಿ: ಡಬ್ಬಿಯಲ್ಲಿ ಒಣ ಮರಳು ತುಂಬಿ. ಚಮಚದಿಂದ ಆಳವಾದ ಗುಂಡಿ ತೋಡಲು ಪ್ರಯತ್ನಿಸಿ. ಬದಿಗಳು ಕುಸಿಯುತ್ತವೆ. ಈಗ ಅಗಲವಾದ ಪೈಪಿನ ತುಂಡೊಂದನ್ನು ಮರಳಿನಲ್ಲಿ ಒತ್ತಿ, ಅದರೊಳಗಿನ ಮರಳನ್ನು ಮಾತ್ರ ತೆಗೆಯಿರಿ. ಏನಾಯಿತು? ಡ್ರೇಕ್ ಅವರ ಉಪಾಯ ನಿಮಗೆ ತಿಳಿಯಿತು.

ಎಚ್ಚರ: ನೀರು ಸಿಗದೆ ಬಿಟ್ಟ ಕೊಳವೆಬಾವಿಯ ಬಾಯಿ ತೆರೆದಿದ್ದರೆ ಹತ್ತಿರ ಹೋಗಬೇಡಿ. ಕೂಡಲೇ ನಿಮ್ಮ ಗುರುಗಳಿಗೆ ಅಥವಾ ಗ್ರಾಮ ಪಂಚಾಯಿತಿಗೆ ತಿಳಿಸಿ. ನಿಮ್ಮ ಒಂದು ಮಾತು ಒಂದು ಮಗುವಿನ ಜೀವ ಉಳಿಸಬಹುದು.