ಚಾರ್ಲ್ಸ್ ಗುಡ್‌ನೈಟ್

ಚಾರ್ಲ್ಸ್ ಗುಡ್‌ನೈಟ್ (ಮಾರ್ಚ್ 5, 1836 – ಡಿಸೆಂಬರ್ 12, 1929) ಅಮೆರಿಕ ಸಂಯುಕ್ತ ಸಂಸ್ಥಾನದ ಟೆಕ್ಸಸ್ ರಾಜ್ಯದ ಪ್ರಸಿದ್ಧ ಜಾನುವಾರು ಸಾಕಣೆಗಾರರು. ಟೆಕ್ಸಸ್‌ನ ಎತ್ತರದ ಹುಲ್ಲುಗಾವಲಿನಲ್ಲಿ ಚಳಿಯನ್ನೂ ಬರವನ್ನೂ ತಾಳಿ ಬೆಳೆಯಬಲ್ಲ ದನಗಳನ್ನು ಪಡೆಯಲು ಇವರು ಹಲವು ತಳಿಸಂಕರ ಪ್ರಯೋಗಗಳನ್ನು ನಡೆಸಿದರು.

ಆರಂಭಿಕ ಜೀವನ

ಇಲಿನಾಯ್ ರಾಜ್ಯದಲ್ಲಿ ಜನಿಸಿದ ಇವರು ಬಾಲ್ಯದಲ್ಲಿಯೇ ಕುಟುಂಬದೊಡನೆ ಟೆಕ್ಸಸ್‌ಗೆ ಬಂದರು. 1866ರಲ್ಲಿ ಆಲಿವರ್ ಲವಿಂಗ್ ಅವರೊಡನೆ ಲಾಂಗ್‌ಹಾರ್ನ್ ದನಗಳ ಹಿಂಡನ್ನು ನ್ಯೂ ಮೆಕ್ಸಿಕೋದ ಫೋರ್ಟ್ ಸಮ್ನರ್‌ಗೆ ಹೊಡೆದುಕೊಂಡು ಹೋದರು. ಈ ದಾರಿಗೆ ಗುಡ್‌ನೈಟ್–ಲವಿಂಗ್ ಮಾರ್ಗವೆಂಬ ಹೆಸರು ಬಂದಿತು. ಮರುವರ್ಷ ಕೊಮಾಂಚಿಗಳ ದಾಳಿಯಲ್ಲಿ ಗಾಯಗೊಂಡ ಲವಿಂಗ್ ಮರಣಹೊಂದಿದರು. ಗುಡ್‌ನೈಟ್ 1870ರಲ್ಲಿ ಮೇರಿ ಆನ್ ಡಯರ್ ಅವರನ್ನು ವಿವಾಹವಾದರು.

ತಳಿಗಳ ಆಯ್ಕೆ

1877ರಲ್ಲಿ ಜಾನ್ ಅಡೇರ್ ಅವರ ಬಂಡವಾಳದೊಡನೆ ಪಾಲೊ ಡ್ಯೂರೊ ಕಣಿವೆಯಲ್ಲಿ ಜೆ ಎ ರಾಂಚ್ ಎಂಬ ದನಸಾಕಣೆ ಕ್ಷೇತ್ರವನ್ನು ಇವರು ಬೆಳೆಸತೊಡಗಿದರು. ಸ್ಪೇನ್ ಮೂಲದ ಲಾಂಗ್‌ಹಾರ್ನ್ ಹಸುಗಳು ಬಹುದೂರ ನಡೆಯಬಲ್ಲವು, ಒರಟು ಮೇವಿನಲ್ಲಿ ಬದುಕಬಲ್ಲವು, ಸುಲಭವಾಗಿ ಈಯುತ್ತವೆ. ಆದರೆ ಅವುಗಳ ಬೆಳವಣಿಗೆ ನಿಧಾನ, ಮೈಯಲ್ಲಿ ಮಾಂಸ ಕಡಿಮೆ. ಆದುದರಿಂದ ನೆಲಕ್ಕೆ ಒಗ್ಗಿದ ಈ ಹಸುಗಳನ್ನೇ ತಾಯಿಯಾಗಿ ಇರಿಸಿಕೊಂಡು, ಮೊದಲು ಡರ್ಹಾಂ (ಶಾರ್ಟ್‌ಹಾರ್ನ್), ಬಳಿಕ ಹೆರ್‌ಫರ್ಡ್ ತಳಿಯ ಬೀಜದ ಹೋರಿಗಳನ್ನು ತಂದರು. ಬಯಲು ಮೇವಿನಲ್ಲಿಯೇ ಮೈತುಂಬಿಕೊಳ್ಳುವ ಹೆರ್‌ಫರ್ಡ್ ಇಲ್ಲಿಗೆ ಹೆಚ್ಚು ಹೊಂದಿಕೆಯಾಯಿತು.

ಸುಧಾರಣೆಯೊಡನೆ ಒಂದು ಅಪಾಯವೂ ಬಂದಿತು. ದಕ್ಷಿಣ ಟೆಕ್ಸಸ್‌ನ ದನಗಳು ಉಣ್ಣೆಗಳಿಂದ ಹರಡುವ ಟೆಕ್ಸಸ್ ಜ್ವರವನ್ನು ತಾಳಿಕೊಳ್ಳುತ್ತಿದ್ದವು. ಉಣ್ಣೆಗಳು ಬದುಕಲಾರದ ತಂಪು ಪ್ರದೇಶದಲ್ಲಿ ಬೆಳೆದ ದನಗಳಿಗೆ ಆ ಶಕ್ತಿ ಇರಲಿಲ್ಲ. ಆದಕಾರಣ ಗುಡ್‌ನೈಟ್ ದಕ್ಷಿಣದ ಹಿಂಡುಗಳು ತಮ್ಮ ಹುಲ್ಲುಗಾವಲಿನ ಮೂಲಕ ಹಾದುಹೋಗುವುದನ್ನು ವಿರೋಧಿಸಿದರು.

ಕ್ಯಾಟಲೋ ಪ್ರಯೋಗ

ಹಿಮಗಾಳಿಗೂ ಅಂಜದ ದನವನ್ನು ಪಡೆಯಲೆಂದು ಇವರು ಅಮೆರಿಕದ ಕಾಡುಕೋಣವಾದ ಬೈಸನ್ ಅನ್ನು ಆಂಗಸ್ ದನಗಳೊಡನೆ ಕೂಡಿಸಿದರು. ಇದರಿಂದ ಹುಟ್ಟಿದ ಮಿಶ್ರತಳಿಗೆ ಕ್ಯಾಟಲೋ ಎಂದು ಹೆಸರು. ಆದರೆ ಗರ್ಭಧರಿಸಿದ ಹಸುಗಳಲ್ಲಿ ಅನೇಕವು ಸತ್ತವು. ಗಂಡುಕರುಗಳು ಉಳಿಯುವುದು ವಿರಳವಾಗಿತ್ತು, ಉಳಿದವೂ ಸಂತಾನಶಕ್ತಿ ಇಲ್ಲದವಾಗಿದ್ದವು. ಹೀಗಾಗಿ ಸ್ಥಿರವಾದ ತಳಿ ರೂಪುಗೊಳ್ಳಲಿಲ್ಲ.

ಪರಂಪರೆ

ಬೇಟೆಗೆ ಸಿಲುಕಿ ಅಳಿಯುತ್ತಿದ್ದ ಬೈಸನ್ ಕರುಗಳನ್ನು ಪತ್ನಿಯ ಒತ್ತಾಸೆಯಿಂದ 1878ರಲ್ಲಿ ಗುಡ್‌ನೈಟ್ ಹಿಡಿದು ಸಾಕಿದ್ದರು. ಕ್ಯಾಟಲೋ ಮರೆಯಾದರೂ ಆ ಹಿಂಡಿನ ಸಂತತಿ ಉಳಿಯಿತು. 1997ರಲ್ಲಿ ಜೆ ಎ ರಾಂಚ್ ಅದನ್ನು ಟೆಕ್ಸಸ್ ರಾಜ್ಯಕ್ಕೆ ನೀಡಿತು. ಇಂದು ಅದು ಕ್ಯಾಪ್‌ರಾಕ್ ಕ್ಯಾನ್ಯನ್ಸ್ ರಾಜ್ಯ ಉದ್ಯಾನದಲ್ಲಿದೆ.