ರೈಲನ್ನು ಬರಮಾಡಿಕೊಂಡ ಮಹನೀಯ: ನಾನಾ ಶಂಕರಶೇಟ್

ಮುಂಬಯಿಯ ಬೋರಿಬಂದರದಲ್ಲಿರುವ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನ ಮುಂದೆ ನಮ್ಮ ವಾಚಕರಲ್ಲಿ ಎಷ್ಟೋ ಮಂದಿ ದಿನವೂ ಹಾದುಹೋಗುತ್ತಾರೆ. ಲೋಕಲ್ ತಪ್ಪೀತೆಂಬ ಅವಸರದಲ್ಲಿ ತಲೆಯೆತ್ತಿ ನೋಡುವಷ್ಟು ವ್ಯವಧಾನ ಯಾರಿಗಿದೆ? ಆದರೂ ಒಮ್ಮೆ ನೋಡಬೇಕು. ಆ ಕಟ್ಟಡದ ಗೋಡೆಯ ಮೇಲೆ ಹಳೆಯ ರೈಲು ಕಂಪೆನಿಯ ನಿರ್ದೇಶಕರ ಮುಖಗಳನ್ನು ಕಲ್ಲಿನಲ್ಲಿ ಕಡೆದಿದ್ದಾರೆ. ಬಹುಪಾಲು ಆಂಗ್ಲರವು; ಎರಡು ಮಾತ್ರ ಈ ದೇಶದವರವು. ಒಂದು ಪಾರಸಿ ವರ್ತಕರಾದ ಸರ್ ಜಮಶೇಟ್‌ಜಿ ಜೀಜೀಭಾಯಿಯವರದು. ಇನ್ನೊಂದು ಜಗನ್ನಾಥ ಶಂಕರಶೇಟರದು. ಜನರು ಪ್ರೀತಿಯಿಂದ ನಾನಾ ಎಂದು ಕರೆದ ಈ ಎರಡನೆಯವರ ಚರಿತ್ರೆಯನ್ನು ಇಂದು ಸಂಕ್ಷೇಪವಾಗಿ ನಿರೂಪಿಸುತ್ತೇವೆ.

ಜಗನ್ನಾಥರು 1803ನೆಯ ಇಸವಿ ಫೆಬ್ರವರಿ 10ರಂದು ಅನುಕೂಲಸ್ಥ ದೈವಜ್ಞ ಮನೆತನವೊಂದರಲ್ಲಿ ಜನಿಸಿದರು. ಎಳೆಯ ಪ್ರಾಯದಲ್ಲಿಯೇ ತಂದೆಯನ್ನು ಕಳೆದುಕೊಂಡು ವ್ಯಾಪಾರದ ಭಾರವನ್ನು ಹೆಗಲಿಗೇರಿಸಿಕೊಂಡರು. ಅವರ ಪ್ರಾಮಾಣಿಕತೆಯ ಖ್ಯಾತಿ ಎಷ್ಟಿತ್ತೆಂದರೆ, ಅರಬ್ ಮತ್ತು ಅಫಘಾನ ವರ್ತಕರು ಕೂಡ ತಮ್ಮ ಹಣವನ್ನು ಅವರಲ್ಲಿ ಒಪ್ಪಿಸಿ ನಿಶ್ಚಿಂತರಾಗಿರುತ್ತಿದ್ದರೆಂದು ಪ್ರತೀತಿ.

ಗಳಿಸಿದ್ದನ್ನು ಅವರು ಪೆಟ್ಟಿಗೆಯಲ್ಲಿ ಮುಚ್ಚಿಡಲಿಲ್ಲ. ಮುಂಬಯಿಯ ಶಿಕ್ಷಣ ಸಂಸ್ಥೆಗಳಿಗೆ ಆಧಾರವಾದರು. ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುವುದೇ ಅಪಚಾರವೆಂದು ಭಾವಿಸಿದ್ದ ಕಾಲದಲ್ಲಿ ಅವರಿಗಾಗಿ ಪಾಠಶಾಲೆ ತೆರೆಯಲು ತಮ್ಮ ಸ್ಥಳವನ್ನೇ ಬಿಟ್ಟುಕೊಟ್ಟರು. ಮೆಟ್ರಿಕ್ಯುಲೇಷನ್ ಪರೀಕ್ಷೆಯ ಸಂಸ್ಕೃತದಲ್ಲಿ ಪ್ರಥಮ ಸ್ಥಾನ ಪಡೆದವರಿಗೆ ಅವರ ಹೆಸರಿನ ವಿದ್ಯಾರ್ಥಿವೇತನವು ಮುಂದೆ ದೊಡ್ಡ ಗೌರವವೆನಿಸಿತು.

ಇಂಗ್ಲೆಂಡಿನಲ್ಲಿ 1830ರಲ್ಲಿ ಲಿವರ್‌ಪೂಲಿನಿಂದ ಮ್ಯಾಂಚೆಸ್ಟರಿಗೆ ಉಗಿಬಂಡಿ ಓಡಲಾರಂಭಿಸಿತು. ಆಗ ಮುಂಬಯಿಯ ಸ್ಥಿತಿ ಹೇಗಿತ್ತು? ಮುಂದೆ ಸಮುದ್ರ, ಹಿಂದೆ ಸಹ್ಯಾದ್ರಿ. ದಖ್ಖನಿನ ಹತ್ತಿಯು ಎತ್ತುಗಳ ಬೆನ್ನಿನ ಮೇಲೆ ಘಟ್ಟವಿಳಿದು, ಧೂಳು ತಿಂದು, ಮಳೆಯಲ್ಲಿ ನೆನೆದು ಬಂದರಿಗೆ ಬರುತ್ತಿತ್ತು. ಸರಕಿನ ಗತಿಯೇ ಹೀಗಿದ್ದರೆ ಬಡ ಪ್ರಯಾಣಿಕನ ಪಾಡೇನು? ಈ ಊರಿಗೂ ರೈಲು ಬರಲೇಬೇಕೆಂದು ನಿಶ್ಚಯಿಸಿದ ನಾನಾ ಅವರು 1845ರಲ್ಲಿ ಜಮಶೇಟ್‌ಜಿಯವರೇ ಮೊದಲಾದವರೊಡನೆ ಸೇರಿ ರೈಲು ಸಂಘವೊಂದನ್ನು ಕಟ್ಟಿದರು. ಆ ಪ್ರಯತ್ನವು ಮುಂದೆ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕಂಪೆನಿಯಲ್ಲಿ ಲೀನವಾಯಿತು. 1849ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯೊಡನೆ ಒಪ್ಪಂದವಾಯಿತು.

ಇಲ್ಲಿ ಒಂದು ಸತ್ಯವನ್ನು ಮರೆಮಾಡಬಾರದು. ಕಂಪೆನಿ ಲಂಡನ್ನಿನದು. ಹೂಡಿದ ಬಂಡವಾಳಕ್ಕೆ ನೂರಕ್ಕೆ 5ರಂತೆ ಬಡ್ಡಿಯ ಖಾತರಿಯಿತ್ತು. ಆದಾಯ ಸಾಲದೆ ಹೋದರೆ ತುಂಬಿಕೊಡಬೇಕಾದವರು ನಮ್ಮ ರೈತರು. ಈ ದೇಶದ ಜನರು ರೈಲು ಹತ್ತಿಯಾರೇ ಎಂಬ ಸಂಶಯವೂ ಅನೇಕರಲ್ಲಿತ್ತು. ಅಂಥ ಸಭೆಯಲ್ಲಿ ಈ ನೆಲದವರು ಇಬ್ಬರಾದರೂ ಕುಳಿತಿದ್ದರೆಂಬುದು ಸಣ್ಣ ಸಂಗತಿಯಲ್ಲ.

1853ನೆಯ ಇಸವಿ ಏಪ್ರಿಲ್ 16, ಶನಿವಾರ. ಸುಮಾರು 400 ಅತಿಥಿಗಳನ್ನು ಹೊತ್ತ 14 ಡಬ್ಬಿಗಳನ್ನು ಮೂರು ಎಂಜಿನುಗಳು ಎಳೆದವು. 21 ತೋಪುಗಳು ಹಾರಿದವು. ಬೋರಿಬಂದರದಿಂದ ಠಾಣೆಯವರೆಗಿನ 21 ಮೈಲಿಗಳನ್ನು ಗಾಡಿ ಸುಮಾರು ಒಂದು ಗಂಟೆಯಲ್ಲಿ ಕ್ರಮಿಸಿತು. ಆ ಗಾಡಿಯಲ್ಲಿ ನಾನಾ ಅವರೂ ಇದ್ದರು. ಸಾಮಾನ್ಯ ಜನರು ಹತ್ತಿಯಾರೇ ಎಂಬ ಸಂಶಯವು ಬಹುಕಾಲ ಉಳಿಯಲಿಲ್ಲ. ರೈಲಿನ ಪ್ರಯಾಣಿಕರಲ್ಲಿ ಬಹುಭಾಗ ಮೂರನೆಯ ದರ್ಜೆಯವರೇ ಆದರು.

ಮಾರನೆಯ ವರ್ಷ ರೈಲು ಕಲ್ಯಾಣವನ್ನು ಮುಟ್ಟಿತು. ಅದಕ್ಕೆ ಮುಂದೆ ಘಟ್ಟ. ಭೋರ್ ಘಾಟಿನಲ್ಲಿ 1,800 ಅಡಿಗಳಿಗೂ ಮಿಕ್ಕಿದ ಏರನ್ನು ಬಂಡೆ ಕೊರೆದು ಸಾಧಿಸಬೇಕಾಯಿತು. ಗುತ್ತಿಗೆದಾರ ಸಾಲಮನ್ ಟ್ರೆಡ್‌ವೆಲ್ 1859ರಲ್ಲಿ ಬಂದ ಕೆಲವೇ ದಿನಗಳಲ್ಲಿ ತೀರಿಕೊಂಡಾಗ ಪತ್ನಿ ಆಲಿಸ್ ಆ ಹೊಣೆಯನ್ನು ವಹಿಸಿಕೊಂಡರು. ಕಾಲರಾ ಮೊದಲಾದ ರೋಗಗಳಿಗೂ ಅಪಘಾತಗಳಿಗೂ ಬಲಿಯಾದ ಕೂಲಿಗಳು ಸಾವಿರಾರು. ಅವರ ಮುಖಗಳನ್ನು ಯಾವ ಗೋಡೆಯ ಮೇಲೂ ಕಡೆದಿಲ್ಲ. 1863ರಲ್ಲಿ ಘಟ್ಟದ ಹಾದಿ ತೆರೆಯಿತು.

ನಾನಾ ಅವರ ಬಾಳಿನ ಉತ್ತರಾರ್ಧ ಕೇವಲ ಸನ್ಮಾನಗಳ ಕಾಲವಾಗಿರಲಿಲ್ಲ. 1852ರಲ್ಲಿ ಸ್ಥಾಪಿತವಾದ ಬಾಂಬೆ ಅಸೋಸಿಯೇಷನ್ನಿನ ಮೂಲಕ ಪ್ರಜೆಗಳ ಅಹವಾಲುಗಳನ್ನು ಸರಕಾರದ ಮುಂದಿಟ್ಟರು. 1857ರ ದಂಗೆಯ ಕಾಲದಲ್ಲಿ ಅವರ ಮೇಲೆಯೇ ಸಂಶಯ ಬಂದು ವಿಚಾರಣೆ ನಡೆಯಿತು; ದೋಷವೇನೂ ಕಂಡುಬರಲಿಲ್ಲ. 1862ರಲ್ಲಿ ಅದೇ ಸರಕಾರವು ಅವರನ್ನು ಮುಂಬಯಿಯ ಶಾಸನ ಸಭೆಗೆ ಕರೆಯಿತು. 1865ರ ಜುಲೈ 31ರಂದು ಅವರು ಕಾಲವಾದರು. ಗ್ರಾಂಟ್ ರೋಡಿನ ನಾನಾ ಚೌಕ ಅವರ ಹೆಸರನ್ನು ಹೊತ್ತಿದೆ. ಮುಂಬಯಿ ಸೆಂಟ್ರಲಿನ ನೆಲದಡಿಯ ಮೆಟ್ರೋ ನಿಲ್ದಾಣಕ್ಕೂ ಈಗ ಅವರದೇ ಹೆಸರು.

ಅವರು ಕಾಣದೆ ಹೋದ ಒಂದು ದೃಶ್ಯವಿದೆ. ಅದು ಕನ್ನಡಿಗರಾದ ನಮಗೆ ಸಂಬಂಧಿಸಿದ್ದು. ಅವರು ತೀರಿಕೊಂಡ ಆರು ವರ್ಷಗಳ ಮೇಲೆ, 1871ರಲ್ಲಿ, ಅದೇ ಕಂಪೆನಿಯ ಹಳಿಗಳು ಸೊಲ್ಲಾಪುರ, ಕಲಬುರಗಿ, ವಾಡಿಗಳನ್ನು ದಾಟಿ ರಾಯಚೂರಿನಲ್ಲಿ ಮದರಾಸಿನ ಹಳಿಗಳನ್ನು ಕೂಡಿದವು. ಕಲಬುರಗಿ, ರಾಯಚೂರು ಸೀಮೆಯ ನಮ್ಮವರು ಅನ್ನವನ್ನರಸಿ ಮುಂಬಯಿಗೆ ಬಂದ ಹಾದಿ ಅದೇ. ಕರಾವಳಿಯ ಬಂಧುಗಳಿಗೆ ಆ ಭಾಗ್ಯ ತಡವಾಗಿ ಒದಗಿತು. ಕೊಂಕಣ ರೈಲು ಪೂರ್ತಿ ತೆರೆದದ್ದು 1998ರಲ್ಲಿ.

ಹೋಟೆಲಿನ ಗಲ್ಲೆಯ ಮೇಲೆ ಕುಳಿತು ನಾವು ಕಲಿತ ಅರ್ಥಶಾಸ್ತ್ರ ಇಷ್ಟೇ: ಗಾಡಿ ನಿಂತಲ್ಲಿ ಜನ, ಜನ ನಿಂತಲ್ಲಿ ಚಹಾ, ಚಹಾ ಕಾದಲ್ಲಿ ನಾಲ್ಕು ಹುಡುಗರಿಗೆ ಕೆಲಸ. ಬಳಿಕ ಹೂವಿನವಳು, ಹಣ್ಣಿನವನು, ಜಟಕಾ ಅಥವಾ ರಿಕ್ಷಾ, ಕೊನೆಗೊಂದು ಪೇಟೆ. ಗಾಡಿ ನಿಲ್ಲುವುದು ತಪ್ಪಿದರೆ ಇದೇ ಕ್ರಮದಲ್ಲಿ ಎಲ್ಲವೂ ಒಣಗುತ್ತದೆ. 2020ರಲ್ಲಿ ಮಹಾಮಾರಿಯಿಂದ ಪ್ಯಾಸೆಂಜರ್ ಗಾಡಿಗಳು ನಿಂತವು. ಮರಳಿ ಓಡಿದಾಗ ಅನೇಕ ಗಾಡಿಗಳು ಎಕ್ಸ್‌ಪ್ರೆಸ್ಸಿನ ಹೆಸರು ಹೊತ್ತು ಬಂದವು. 10 ರೂಪಾಯಿಯ ಕನಿಷ್ಠ ದರ 30 ಆಯಿತು. 2024ರ ಫೆಬ್ರವರಿಯಲ್ಲಷ್ಟೇ ಹಳೆಯ ದರ ಹಿಂದಿರುಗಿತು. ನಡುವಣ ಕಾಲದಲ್ಲಿ ನಿತ್ಯವೂ ಸಮೀಪದ ಊರಿಗೆ ಕೆಲಸಕ್ಕೆ ಹೋಗುವವನ ಕೂಲಿಯಲ್ಲಿ ಎಷ್ಟು ಕರಗಿತೆಂಬುದನ್ನು ಅನುಭವಿಸಿದವರೇ ಬಲ್ಲರು.

2023ರಿಂದ 1,300ಕ್ಕೂ ಹೆಚ್ಚು ನಿಲ್ದಾಣಗಳನ್ನು ನವೀಕರಿಸುವ ಅಮೃತ ಭಾರತ ಯೋಜನೆ ನಡೆದಿದೆ. ಸಂತೋಷ. ಆದರೆ ಮುಂಭಾಗದ ಕಮಾನಿಗಿಂತ ಕುಡಿಯುವ ನೀರು, ಶುಚಿಯಾದ ಶೌಚಾಲಯ, ಮಳೆಗೆ ಮಾಡು ಮತ್ತು ಸಮಯಕ್ಕೆ ಬರುವ ಪ್ಯಾಸೆಂಜರ್ ಗಾಡಿ ಮುಖ್ಯ. ನಾನಾ ಅವರು ರೈಲು ತಾನಾಗಿ ಬರಲೆಂದು ಕಾಯಲಿಲ್ಲ. ನಾಲ್ಕು ಜನರನ್ನು ಕೂಡಿಸಿ ಕೇಳಿದರು. ಅವರಷ್ಟು ಧನ ನಮ್ಮಲ್ಲಿಲ್ಲ. ಆದರೆ ನಮ್ಮ ಊರಿನ ನಿಲ್ದಾಣಕ್ಕೆ ಏನು ಬೇಕೆಂದು ಬರೆದು, ಹತ್ತು ಜನ ಸಹಿ ಹಾಕಿ, ರೈಲ್ವೆಯವರಿಗೂ ಸಂಸದರಿಗೂ ಕಳುಹಿಸಲು ಧನ ಬೇಕಿಲ್ಲ. ರಜೆಗೆ ಊರಿಗೆ ಹೊರಡುವ ಬಂಧುಗಳು ಈ ಸಲ ಆ ಕೆಲಸವನ್ನು ಮಾಡಲಿ. ಹೊರಡುವ ಮುನ್ನ ಬೋರಿಬಂದರದ ಗೋಡೆಯತ್ತ ಒಮ್ಮೆ ತಲೆಯೆತ್ತಿ ನೋಡಲಿ.